ಅಪ್ಪ ಬರೆಸಿದ ವಾದ

ಬೇಲೂರಿನ ಸುತ್ತು ಮುಗಿದ ಶನಿವಾರ ನನ್ನ ಡೈರಿಯಲ್ಲಿ ಮೂರೇ ಸಾಲು ಇವೆ. "ತಂಡಗಳು ಹದಿನಾಲ್ಕು. ಕೊನೆಯ ಸುತ್ತಿಗೆ ಆಯ್ಕೆಯಾದವು ಆರು. ನಾವು ಆರನೆಯವರು." ನಾಲ್ಕನೆಯ ಸಾಲನ್ನು ಬರೆದು ಹೊಡೆದುಹಾಕಿದ್ದೇನೆ. ಆದರೂ ಓದಲು ಬರುತ್ತದೆ: "ತಪ್ಪು ನನ್ನದು."

ಅರಸೀಕೆರೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಚರ್ಚಾ ಸ್ಪರ್ಧೆಗೆ ತಂಡ ಸಿದ್ಧಪಡಿಸುವ ಕೆಲಸ ಆ ವರ್ಷ ನನ್ನ ಪಾಲಿಗೆ ಬಂದಿತ್ತು. ಒಂದು ಕಾಲೇಜಿನಿಂದ ಇಬ್ಬರು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ, ತಲಾ ನಾಲ್ಕು ನಿಮಿಷ. ಯಾರಿಗೆ ಯಾವ ಕಡೆ ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಎರಡೂ ಸುತ್ತಿಗೆ ಕಡೆಯೂ ಬದಲಾಗದು, ವಿಷಯವೂ ಒಂದೇ: "ಹೆಣ್ಣಿಗೆ ಮನೆಯೇ ಸರಿಯಾದ ಕಾರ್ಯಕ್ಷೇತ್ರ."

ವಿರೋಧದ ಚೀಟಿ ಬಂದದ್ದು ಹಳೇಬೀಡಿನ ಹುಡುಗಿಗೆ. ಹಾಸ್ಟೆಲಿನಲ್ಲಿದ್ದಳು, ಮಾತಿಗೆ ಮಾತು ಕೊಡುವುದರಲ್ಲಿ ಯಾರಿಗೂ ಸೋತವಳಲ್ಲ. ಪರದ ಚೀಟಿ ಬಂದದ್ದು ಊರಿನ ಕೊಬ್ಬರಿ ಮಂಡಿಯೊಂದರ ಯಜಮಾನರ ಮಗಳಿಗೆ. ಅವಳು ಕಡಿಮೆ ಮಾತಿನವಳು, ಆದರೆ ಕೇಳಿದ್ದನ್ನು ಮರೆಯುವವಳಲ್ಲ.

ನಮ್ಮ ಕಡೆ ಭಾಷಣಕ್ಕೆ ಒಂದು ಪದ್ಧತಿ ಇದೆ. ಮೇಷ್ಟ್ರು ಬರೆದುಕೊಡುತ್ತಾರೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಮೊದಲಿಗೆ ಒಂದು ಪದ್ಯ, ಆಮೇಲೆ ವೇದಿಕೆಯ ಮೇಲಿರುವ ಒಬ್ಬೊಬ್ಬರಿಗೂ ವಂದನೆ, ನಡುವೆ ಮೂರು ಗಾದೆ, ಕೊನೆಗೆ ಕೈ ಎತ್ತಿ ಒಂದು ಘೋಷಣೆ. ನಾನೂ ಹಾಗೇ ಬರೆದುಕೊಟ್ಟೆ. ವಿರೋಧದ ಭಾಷಣಕ್ಕೆ ಒಂಬತ್ತು ಸಂಜೆ ಹಿಡಿಯಿತು. ಪರದ್ದನ್ನು ಅರ್ಧ ಗಂಟೆಯಲ್ಲಿ ಮುಗಿಸಿದೆ, ಅದೂ ಬೇಕೆಂದೇ ಜಳ್ಳಾಗಿ. ನಾನು ಒಪ್ಪದ ಮಾತನ್ನು ಗಟ್ಟಿಯಾಗಿ ಏಕೆ ಕಟ್ಟಬೇಕು? ಆಡುವಾಗಲೇ ಬಿದ್ದುಹೋದರೆ ಒಳ್ಳೆಯದೇ ಅಂದುಕೊಂಡಿದ್ದೆ.

ಬೇಲೂರಿನಲ್ಲಿ ಮಂಡಿಯವರ ಮಗಳು "ಹೆಣ್ಣು ಹೊಸಿಲು ದಾಟಿದರೆ ಒಲೆ ಕಣ್ಣೀರಿಡುತ್ತದೆ" ಎಂಬ ನನ್ನ ವಾಕ್ಯವನ್ನು ಹೇಳಿದ ಕೂಡಲೇ ಸಭೆ ಗೊಳ್ಳೆಂದಿತು. ನಾನೂ ನಕ್ಕೆ. ತೀರ್ಪುಗಾರರಲ್ಲಿ ಒಬ್ಬರು, ವಯಸ್ಸಾದ ನಿವೃತ್ತ ಅಧ್ಯಾಪಕಿ, ನಗಲಿಲ್ಲ. ಫಲಿತಾಂಶ ಹೇಳುವಾಗ ಅವರು ಅಂದರು: "ವಿರೋಧದ ಹುಡುಗಿಯಿಂದ ಈ ತಂಡ ಉಳಿಯಿತು. ಪರವಾಗಿ ಮಾತಾಡಿದ ಹುಡುಗಿ ಇಂಥ ಮಾತು ಆಡೋ ಮನುಷ್ಯರನ್ನು ಒಬ್ಬರನ್ನೂ ನೋಡಿಯೇ ಇಲ್ಲವೇನೋ."

ವಾಪಸು ಬರುವ ಬಸ್ಸಿನಲ್ಲಿ ಜಾವಗಲ್ ದಾಟುವವರೆಗೂ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅಳುತ್ತಿದ್ದಾಳೇನೋ ಎಂದು ನೋಡಿದರೆ ನಗುತ್ತಿದ್ದಳು.

"ನೋಡೇ ಇಲ್ಲವಂತೆ ಮೇಡಂ. ನಮ್ಮನೇಲೇ ಒಬ್ಬರಿದಾರೆ."

"ನಿಮ್ಮಪ್ಪ ಒಲೆ ಅಳುತ್ತೆ ಅಂತಾರಾ?"

"ಅಷ್ಟು ಕಡಿಮೆ ಮಾತಾಡಲ್ಲ ನಮ್ಮಪ್ಪ. ಪರೀಕ್ಷೆ ಮುಗಿದ ಮೇಲೆ ಮಂಡೀಲಿ ನಾನೇ ಕೂರ್ತೀನಿ ಅಂತ ಎರಡು ವರ್ಷದಿಂದ ಕೇಳ್ತಿದೀನಿ. ಅವರು ಚಿಕ್ಕಪ್ಪನ ಮಗನ್ನ ಕೂರಿಸಬೇಕು ಅಂತಿದಾರೆ. ಅವನಿಗೆ ಕೊಬ್ಬರಿ ಒಣಗಿದೆಯೋ ಹಸಿ ಇದೆಯೋ ಗೊತ್ತಾಗಲ್ಲ. ನನಗೆ ಬೇಡ ಅಂತ ಹೇಗೆ ಹೇಳ್ತಾರೆ ಗೊತ್ತಾ? ಬೈಯೋದೇ ಇಲ್ಲ. ಹೊಗಳ್ತಾರೆ. ಅರ್ಧ ಗಂಟೆ ಹೊಗಳಿಸ್ಕೊಂಡು, ಥ್ಯಾಂಕ್ಸ್ ಅಪ್ಪ ಅಂತ ನಾನೇ ಹೇಳಿ ಎದ್ದು ಬಂದಿರ್ತೀನಿ. ಮಂಚದ ಮೇಲೆ ಕೂತ ಮೇಲೆ ನೆನಪಾಗುತ್ತೆ, ಕೇಳಿದ್ದು ಸಿಗಲಿಲ್ಲ ಅಂತ."

ಹಳೇಬೀಡಿನ ಹುಡುಗಿ ಮುಂದಿನ ಸೀಟಿನಿಂದ ತಿರುಗಿದಳು. "ಹಂಗಾದ್ರೆ ಮೇಡಂ ಬರೆದದ್ದಕ್ಕಿಂತ ನಿಮ್ಮಪ್ಪಂದೇ ಜೋರು ಕಣೇ."

ಡೈರಿಯ ನಾಲ್ಕನೆಯ ಸಾಲು ಬರೆದದ್ದು ಆ ಮಾತು ಕೇಳಿದ ಮೇಲೆ.

ಕೊನೆಯ ಸುತ್ತಿಗೆ ಹದಿನೆಂಟು ದಿನವಿತ್ತು. ಸೋಮವಾರ ನನ್ನ ಎರಡೂ ಭಾಷಣಗಳನ್ನು ಬೀರುವಿಗೆ ಹಾಕಿ ಬೀಗ ಹಾಕಿದೆ. ಮೂವರಿಗೂ ಒಂದೊಂದು ನೋಟ್‌ಬುಕ್ ತಂದೆ. ಜನ ಈ ವಿಷಯದಲ್ಲಿ ನಿಜವಾಗಿ ಏನು ಹೇಳುತ್ತಾರೋ ಅದನ್ನು ಹುಡುಕಿ ತರುವುದು, ಅದರಿಂದಲೇ ಪರದ ವಾದ ಕಟ್ಟುವುದು. ಆಡಿದ ಮಾತನ್ನು ಆಡಿದ ಹಾಗೇ ಬರೆಯಬೇಕು, ತಿದ್ದಬಾರದು. ಕೇಳುವಾಗ ವಾದ ಮಾಡಬಾರದು. ಮಾತು ಮುಗಿದ ಕೂಡಲೇ ಆ ಮನುಷ್ಯ ಏನು ಮಾಡಿದ ಎನ್ನುವುದನ್ನೂ ಬರೆಯಬೇಕು.

ಬಸ್ ನಿಲ್ದಾಣ, ರೈಲ್ವೆ ಪ್ಲಾಟ್‌ಫಾರ್ಮ್, ತರಕಾರಿ ಸಂತೆ, ಬ್ಯಾಂಕಿನ ಸಾಲು, ಒಂದು ಭಾನುವಾರ ಮಾಲೇಕಲ್ಲು ಬೆಟ್ಟದ ಮೆಟ್ಟಿಲು, ಎಲ್ಲ ಕಡೆ ಹೋದೆವು. ಬೆಟ್ಟ ಹತ್ತುವಾಗ ನನ್ನ ಪಕ್ಕದಲ್ಲೇ ಒಬ್ಬರು ಹೆಂಗಸರಿಗೆ ಹೊರಗಿನ ದುಡಿಮೆ ಆಗಿಬರುವುದಿಲ್ಲ, ಮೈ ಸೂಕ್ಷ್ಮ ಎಂದು ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ವಿವರಿಸಿದರು. ಮಾತು ಮುಗಿದ ಮೇಲೆ ಅವರು ಮಾಡಿದ್ದು: ಬ್ಯಾಗನ್ನು ಹೆಂಡತಿಯ ಕೈಗೆ ಕೊಟ್ಟು ಕೂತುಕೊಂಡರು. ಆಕೆ ಎರಡು ಬ್ಯಾಗು, ಒಂದು ಮಗು ಹಿಡಿದು ಮುಂದೆ ಹೋದಳು.

ಹತ್ತು ದಿನಕ್ಕೆ ನೂರ ನಲವತ್ತಮೂರು ಮಾತು ಸೇರಿದವು. ಅವನ್ನು ಐದು ಗುಂಪು ಮಾಡಿದೆವು. ಕಾಳಜಿ, ಐವತ್ತೊಂದು. ಹೊಗಳಿಕೆ, ಮೂವತ್ತೆಂಟು. ಜನ ಏನಂತಾರೆ, ಇಪ್ಪತ್ತೊಂಬತ್ತು. ಹಿಂದಿನಿಂದ ಬಂದದ್ದು, ಹದಿನಾಲ್ಕು. ತಮಾಷೆ, ಹನ್ನೊಂದು. ಹಿಂದಿನಿಂದ ಬಂದದ್ದು ಎನ್ನುವುದೇ ದೊಡ್ಡ ಗುಂಪಾಗುತ್ತದೆ ಎಂದು ಪಣ ಕಟ್ಟಿದ್ದ ನಾನು ಇಬ್ಬರಿಗೂ ಮಸಾಲೆ ದೋಸೆ ಕೊಡಿಸಬೇಕಾಯಿತು. ಯಾರೂ ಸಂಪ್ರದಾಯದ ಹೆಸರು ಹೇಳಿ ಹೆದರಿಸುತ್ತಿರಲಿಲ್ಲ. "ನಾನೇನೂ ಬೇಡ ಅನ್ನಲ್ಲ, ಆದ್ರೆ" ಎಂದು ಶುರುವಾದ ಮಾತುಗಳೇ ಮೂವತ್ತೊಂದು ಇದ್ದವು.

ಜನ ಏನಂತಾರೆ ಎಂದವರನ್ನೆಲ್ಲ ಹಳೇಬೀಡಿನ ಹುಡುಗಿ "ಯಾರು ಅಂತಾರೆ?" ಎಂದು ಕೇಳಿಕೊಂಡು ಬಂದಿದ್ದಳು. ಇಪ್ಪತ್ತೊಂಬತ್ತರಲ್ಲಿ ಹೆಸರು ಹೇಳಿದವರು ಇಬ್ಬರೇ, ಸಂತೆಬೀದಿಯ ಅಕ್ಕಪಕ್ಕದ ಅಂಗಡಿಯವರು. ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದ್ದರು.

ಮಂಡಿ ಯಜಮಾನರ ಮನೆಗೆ ಮೂರು ಸಂಜೆ ಹೋದೆವು. ನನಗೆ ಅಳುಕಿತ್ತು. ಮಗಳು ಮಾತ್ರ ಸೀದಾ ಹೇಳಿದ್ದಳು, "ಅಪ್ಪ, ಈ ಸಲ ನಾನು ನಿಮ್ಮ ಪರ ಮಾತಾಡ್ತಿದೀನಿ. ನೀವೇ ಬರೆಸಬೇಕು." ಅವರಿಗೆ ಆದ ಸಂತೋಷವನ್ನು ನಾನು ಮರೆಯಲಾರೆ. ಮೂರು ವರ್ಷದಲ್ಲಿ ಮಗಳ ಕಾಲೇಜಿನ ಯಾವ ಕೆಲಸಕ್ಕೂ ತಲೆ ಹಾಕದಿದ್ದವರು ಜಗಲಿಯ ಮೇಲೆ ಚಾಪೆ ಹಾಸಿ, ಫ್ಯಾನ್ ತಂದಿಟ್ಟು ನಮ್ಮನ್ನು ಕಾಯುತ್ತಿದ್ದರು.

"ಬರ್ಕಳಿ ಮೇಡಮ್ಮೋರೆ. ಮಂಡಿ ಅಂದ್ರೆ ಏನು? ಧೂಳು. ಬೆಳಗ್ಗೆಯಿಂದ ಸಂಜೆಗಂಟ ಧೂಳು, ಕೂಗಾಟ. ಅದು ನಮ್ಮಂಥೋರಿಗಿರ್ಲಿ. ನನ್ನ ಮಗಳು ಮನೆ ಲಕ್ಷ್ಮಿ. ಲಕ್ಷ್ಮೀನ ಯಾರಾದ್ರೂ ಚೀಲದ ಪಕ್ಕ ಕೂರಿಸ್ತಾರಾ?"

ಒಳಗೆ ಕಾಯಿ ತುರಿಯುತ್ತಿದ್ದ ಅವರ ತಾಯಿ ಅಲ್ಲಿಂದಲೇ ಕೇಳಿದರು, "ಲಕ್ಷ್ಮೀನ ಚೀಲದ ಪಕ್ಕ ಅಲ್ದೆ ಇನ್ನೆಲ್ಲಿ ಕೂರಿಸ್ತಾರ್ಲಾ?"

"ಅವ್ವ, ನೀನು ಸುಮ್ಕಿರು. ಅದನ್ನ ಬರೀಬೇಡಿ ಮೇಡಮ್ಮೋರೆ."

ಆಡಿದ ಮಾತನ್ನೆಲ್ಲ ಬರೆಯುವುದು ನಮ್ಮ ನಿಯಮ ಎಂದೆ. ಅಜ್ಜಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕಂಬಕ್ಕೆ ಒರಗಿ ಕೂತರು. "ಹಂಗಾದ್ರೆ ಇದನ್ನೂ ಬರ್ಕೊ ಮಗ. ನಮ್ಮೂರ ಅಮ್ಮನ್ನ ಅಡ್ಡೆ ಮ್ಯಾಲೆ ಹೊತ್ಕಂಡು ಹೊಂಟ್ರೆ, ಅಮ್ಮ ಎತ್ತ ಹೋಗ್ಬೇಕೋ ಅತ್ತ ಎಳೀತಾಳೆ. ಹೊತ್ತೋರು ಬ್ಯಾಡ ಅಂದ್ರೂ ಬಿಡಾಕಿಲ್ಲ. ನಮ್ಮನ್ನೂ ದೇವಿ ದೇವಿ ಅಂತಾರೆ. ಅಂದ್ಕಂಡು, ಅವರಿಗೆ ಬೇಕಾದ ಕಡೆ ಇಳಿಸ್ತಾರೆ. ಇದೆಂಥಾ ದೇವಿ?"

ಯಜಮಾನರು ಜೋರಾಗಿ ನಕ್ಕರು. ನಕ್ಕು, "ಮುಂದಿನದು ಬರ್ಕಳಿ," ಎಂದು ಮತ್ತೆ ಶುರು ಮಾಡಿದರು. ಆ ಮೂರು ಸಂಜೆ ಅವರು ಹತ್ತೊಂಬತ್ತು ಮಾತು ಬರೆಸಿದರು. ಒಂದೊಂದೂ ಪ್ರೀತಿಯಿಂದ ಆಡಿದ್ದೇ. ನೀನು ನಿಂತರೆ ನನ್ನ ಕಾಲು ನೋಯುತ್ತೆ. ನಿನಗೆ ಯಾರಾದರೂ ಒಂದು ಮಾತು ಅಂದರೆ ನಾನು ಅವತ್ತು ಊಟ ಮಾಡಲ್ಲ. ನನ್ನ ಜೀವನವೆಲ್ಲ ಧೂಳು ಕುಡಿದದ್ದು ನೀನು ಕುಡಿಯದಿರಲಿ ಅಂತ. ಬರೆಯುತ್ತ ಬರೆಯುತ್ತ ನಾನೇ ತಲೆದೂಗತೊಡಗಿದ್ದೆ. ಮಗಳು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿ, "ಗೊತ್ತಾಯ್ತಾ ಮೇಡಂ? ಥ್ಯಾಂಕ್ಸ್ ಹೇಳ್ಬೇಕು ಅನ್ಸುತ್ತೆ ಅಲ್ವಾ?" ಎಂದು ಪಿಸುಗುಟ್ಟಿದಳು.

ಹದಿಮೂರನೆಯ ದಿನ ಕಾಲೇಜಿನಲ್ಲಿ ಎರಡನೆಯ ವರ್ಷದವರನ್ನು ಕೂರಿಸಿ ಅಭ್ಯಾಸದ ಚರ್ಚೆ ಮಾಡಿಸಿದೆ. ಮುಗಿದ ಮೇಲೆ ಕೈ ಎತ್ತಿಸಿದೆ. ಪರಕ್ಕೆ ಮೂವತ್ತಮೂರು. ವಿರೋಧಕ್ಕೆ ಎಂಟು. ಪರಕ್ಕೆ ಎತ್ತಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ.

ಹಳೇಬೀಡಿನ ಹುಡುಗಿ ಅಂದು ಟಿಫಿನ್ ಬಾಕ್ಸ್ ತೆರೆಯಲಿಲ್ಲ. "ಸಂಪ್ರದಾಯ ಅಂದ್ರೆ ಉತ್ತರ ಕೊಡಬಹುದು. ಪ್ರೀತಿಗೆ ಏನು ಉತ್ತರ ಕೊಡೋದು ಮೇಡಂ? ನನ್ನ ಕಡೆ ಸತ್ತೇ ಹೋಯ್ತು."

ನನಗೂ ಭಯವಾಯಿತು. ಬೀರುವಿನ ಬೀಗ ತೆಗೆದು ನನ್ನ ಹಳೆಯ ವಿರೋಧದ ಭಾಷಣ ಅವಳ ಮುಂದಿಟ್ಟೆ. ಬೇಲೂರಿನಲ್ಲಿ ತಂಡವನ್ನು ಉಳಿಸಿದ್ದು ಅದೇ ತಾನೆ? ಅವಳು ಪೆನ್ಸಿಲ್ ತೆಗೆದುಕೊಂಡು ನೋಟ್‌ಬುಕ್ಕಿನಲ್ಲಿ ಮಾಡಿದ ಹಾಗೆ ಗುರುತು ಹಾಕುತ್ತ ಓದಿದಳು. ಓದಿ ಮುಗಿಸಿ ಹಾಳೆ ನನ್ನ ಕಡೆ ತಳ್ಳಿದಳು.

"ಮೇಡಂ, ಇದರಲ್ಲಿ ನಾನು ಒಂಬತ್ತು ಸಲ ದೇವಿ ಆಗಿದೀನಿ. ಎರಡು ಸಲ ಭೂಮಿ, ಒಂದು ಸಲ ಜ್ಯೋತಿ. ಇದನ್ನೂ ಹೊಗಳಿಕೆ ಗುಂಪಿಗೇ ಹಾಕ್ಬೇಕು."

ಎಣಿಸಿ ನೋಡಿದೆ. ಸರಿಯಾಗಿಯೇ ಇತ್ತು. ನಾನು ಹೊರಗೆ ಹೋಗು ಎನ್ನಲು ಬಳಸಿದ ಮಾತೂ, ಅವರು ಒಳಗಿರು ಎನ್ನಲು ಬಳಸಿದ ಮಾತೂ ಒಂದೇ ಅಂಗಡಿಯ ಸಾಮಾನು. ನಾಚಿಕೆಯಾಯಿತು, ಜೊತೆಗೆ ನಗುವೂ ಬಂತು. ಆ ಹೊತ್ತು ಎರಡು ತೀರ್ಮಾನ ಮಾಡಿದೆವು. ಪರದ ವಾದದ ಒಂದು ಅಕ್ಷರವನ್ನೂ ಸಡಿಲ ಮಾಡಬಾರದು. ವಿರೋಧದಲ್ಲಿ ಹೆಣ್ಣಿನ ಬಗ್ಗೆ ಒಂದೂ ಹೊಗಳಿಕೆ ಇರಬಾರದು. ನಾವು ಕೇಳಿದ್ದು, ಕಂಡದ್ದು ಅಷ್ಟೇ ಸಾಕು. ಭಾಷಣ ಬರೆದುಕೊಡುವುದಿಲ್ಲ ಎಂದೂ ಹೇಳಿದೆ. ಮುಂದಿನ ಐದು ದಿನ ನನ್ನ ಕೆಲಸ ಗಡಿಯಾರ ಹಿಡಿದು ಕೂರುವುದು ಮಾತ್ರ ಆಗಿತ್ತು. ನಾಲ್ಕು ನಿಮಿಷಕ್ಕೆ ಹೊಂದಿಸುವ ಹೊತ್ತಿಗೆ ಒಬ್ಬಳು ಇಪ್ಪತ್ತೆರಡು ಸಲ, ಇನ್ನೊಬ್ಬಳು ಇಪ್ಪತ್ತಾರು ಸಲ ಮಾತಾಡಿದ್ದರು.

ಕೊನೆಯ ಸುತ್ತು ಹಳೇಬೀಡಿನಲ್ಲಿ. ಯಜಮಾನರು ತಾವೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದರು. ಅಂದು ಮಂಡಿಯ ಬಾಗಿಲು ತೆಗೆಯಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಸಭೆಯಲ್ಲಿ ಎರಡನೆಯ ಸಾಲಿನಲ್ಲೇ ಕೂತರು. ಪಕ್ಕದವರಿಗೆ, "ನನ್ನ ಮಗಳು. ವಾದ ನನ್ದೇ," ಎಂದು ಹೇಳುತ್ತಿದ್ದುದು ನನಗೆ ಹಿಂದಿನ ಸಾಲಿಗೂ ಕೇಳಿಸಿತು.

ಮಗಳು ಪದ್ಯ ಹೇಳಲಿಲ್ಲ, ವಂದನೆಯ ಪಟ್ಟಿಯನ್ನೂ ಓದಲಿಲ್ಲ. "ನೀನು ನಿಂತರೆ ನನ್ನ ಕಾಲು ನೋಯುತ್ತೆ ಮಗಳೇ," ಎಂದು ಅಪ್ಪನ ಮಾತಿನಿಂದಲೇ ಶುರು ಮಾಡಿದಳು. ಯಾರೂ ನಗಲಿಲ್ಲ. ಎರಡನೆಯ ನಿಮಿಷಕ್ಕೆ ನನ್ನ ಮುಂದೆ ಕೂತಿದ್ದ ಹೆಂಗಸೊಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಯಜಮಾನರು ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತಿದ್ದರು. ಕೊನೆಯ ಮಾತು ಮುಗಿಯುವ ಮೊದಲೇ ಚಪ್ಪಾಳೆ ತಟ್ಟಿದರು.

ಆಮೇಲೆ ಹಳೇಬೀಡಿನ ಹುಡುಗಿ ಎದ್ದಳು. ನೋಟ್‌ಬುಕ್ಕನ್ನೇ ಕೈಯಲ್ಲಿ ಹಿಡಿದಿದ್ದಳು. ಅಕ್ಕಪಕ್ಕದ ಅಂಗಡಿಯವರ ಕಥೆ ಹೇಳಿದಾಗ ಸಭೆ ಕೂಗಿತು. ಮಾಲೇಕಲ್ಲಿನ ಬ್ಯಾಗಿನ ಕಥೆಗೆ ಇನ್ನೂ ಜೋರಾಗಿ ಕೂಗಿತು. ಕೊನೆಗೆ ಅಡ್ಡೆಯ ದೇವಿಯ ಮಾತು ಹೇಳಿ, "ಈಗ ತಾನೇ ಕೇಳಿದ ಪ್ರೀತಿ ಸುಳ್ಳು ಅಂತ ನಾನು ಹೇಳಲ್ಲ. ನೂರ ನಲವತ್ತಮೂರು ಮಾತು ಬರೆದುಕೊಂಡೆವು. ಒಂದು ಪ್ರಶ್ನೆ ಮಾತ್ರ ಅದರಲ್ಲಿ ಸಿಗಲಿಲ್ಲ. ಎಲ್ಲಿಗೆ ಹೋಗಬೇಕಮ್ಮ ಅಂತ ಯಾರೂ ಕೇಳಿರಲಿಲ್ಲ," ಎಂದು ಕೂತಳು. ಯಜಮಾನರು ಚಪ್ಪಾಳೆ ತಟ್ಟಲು ಎತ್ತಿದ ಕೈಗಳನ್ನು ಹಾಗೇ ತೊಡೆಯ ಮೇಲೆ ಇಟ್ಟುಕೊಂಡರು.

ಕೊನೆಯ ಸುತ್ತಿನಲ್ಲಿ ಒಂದು ಪ್ರಶ್ನೆ ಕೇಳುವ ಅವಕಾಶ ಬೇರೊಂದು ತಂಡಕ್ಕಿತ್ತು. ಒಬ್ಬ ವಿದ್ಯಾರ್ಥಿ ಮಂಡಿಯವರ ಮಗಳನ್ನು ಕೇಳಿದ: "ನಿಮ್ಮ ವಾದ ನಿಜವಾದರೆ ನೀವು ಈಗ ಮನೆಯಲ್ಲಿರಬೇಕಿತ್ತು. ಇಲ್ಲಿಗೆ ಹೇಗೆ ಬಂದಿರಿ?"

ಅವಳು ಎರಡನೆಯ ಸಾಲಿನ ಕಡೆ ನೋಡಿದಳು. "ಈ ವಾದ ಹೇಳಿಕೊಟ್ಟವರೇ ಕಾರಿನಲ್ಲಿ ಕರ್ಕೊಂಡು ಬಂದ್ರು. ನನಗೋಸ್ಕರ ಅಂಗಡಿ ಮುಚ್ಚಿ ಬಂದಿದಾರೆ. ಅವರ ಮಾತು ಮನೇಲಿರು ಅನ್ನುತ್ತೆ. ಕಾರು ಮಾತ್ರ ಹಳೇಬೀಡಿಗೆ ಬಂತು."

ಸಭೆ ಎದ್ದು ನಿಂತಷ್ಟು ಗಲಾಟೆಯಾಯಿತು. ಯಜಮಾನರು ಮುಖಕ್ಕೆ ಕರ್ಚೀಫು ಹಿಡಿದುಕೊಂಡಿದ್ದರು, ಹೆಗಲು ಕುಣಿಯುತ್ತಿತ್ತು. ಪಾರಿತೋಷಕ ಬೇರೆ ಕಾಲೇಜಿಗೆ ಹೋಯಿತು. ನಮಗೆ ಎರಡನೆಯ ಸ್ಥಾನ, ಪರವಾಗಿ ಮಾತಾಡಿದವರಲ್ಲಿ ಉತ್ತಮ ಎಂಬ ಬಹುಮಾನ ಮಂಡಿಯವರ ಮಗಳಿಗೆ. ಬೇಲೂರಿನಲ್ಲಿ ಆರನೆಯವರಾಗಿದ್ದ ನಾವು ಕುಣಿಯುವುದೊಂದು ಬಾಕಿ.

ಕೆರೆ ಏರಿಯ ಪಕ್ಕ ಮರದ ನೆರಳಲ್ಲಿ ಪುಳಿಯೋಗರೆ ಬಿಚ್ಚಿ ಕೂತೆವು. ಯಜಮಾನರು ಬಹುಮಾನದ ಪತ್ರವನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟುಕೊಂಡರು. ಎರಡು ತುತ್ತು ತಿಂದು ನಿಲ್ಲಿಸಿದರು.

"ಹತ್ತೊಂಬತ್ತು ಬರ್ಸಿದೆ ಮೇಡಮ್ಮೋರೆ. ಒಂದು ಬರ್ಸಿರ್ಲಿಲ್ಲ."

"ಏನಪ್ಪ ಅದು?" ಮಗಳು ಕೇಳಿದಳು.

ಅವರು ನೀರಿನ ಕಡೆ ನೋಡುತ್ತ ಹೇಳಿದರು. "ಉಂಡೆ ಕೊಬ್ಬರಿ ಎರಡನ್ನ ಒಂದಕ್ಕೊಂದು ತಟ್ಟಿದ್ರೆ ಒಣಗಿದ್ದು ಬೇರೆ ಸದ್ದು ಕೊಡ್ತದೆ, ಹಸೀದು ಬೇರೆ. ನನಗೆ ಈ ಕಡೆ ಕಿವಿ ಎರಡು ವರ್ಷದಿಂದ ಸರಿಯಾಗಿ ಕೇಳ್ತಿಲ್ಲ. ಅದಕ್ಕೇ ಸಂಜೆ ಮನೆಗೆ ನಾಕು ಉಂಡೆ ತಂದು ತಟ್ಟಿ ಹೇಳು ಅಂತ ನಿನ್ನ ಕೈಗೆ ಕೊಡ್ತಿದ್ದೆ. ನೀನು ಆಟ ಅಂದ್ಕಂಡಿದ್ದೆ. ಮಂಡೀಲಿ ನನ್ನ ಪಕ್ಕ ನೀನು ಕೂತ್ರೆ ಒಂದೇ ದಿನಕ್ಕೆ ಎಲ್ಲರಿಗೂ ಗೊತ್ತಾಗೋಗ್ತದೆ, ಮಾಲು ನೋಡೋದು ಮಗಳು, ಅಪ್ಪ ಅಲ್ಲ ಅಂತ. ನಿನ್ನ ಚಿಕ್ಕಪ್ಪನ ಮಗ ಕೂತ್ರೆ ಯಾರಿಗೂ ಗೊತ್ತಾಗಾಕಿಲ್ಲ. ಅವನಿಗೆ ನನಗಿಂತ ಕಮ್ಮಿ ಗೊತ್ತು."

ನಮ್ಮ ಐದು ಗುಂಪುಗಳಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ನಾನು ಪೆನ್ನು ತೆಗೆಯಲೂ ಇಲ್ಲ.

ಮಗಳು ಎದ್ದು ಅಪ್ಪನ ಇನ್ನೊಂದು ಪಕ್ಕಕ್ಕೆ, ಚೆನ್ನಾಗಿ ಕೇಳುವ ಕಿವಿಯ ಕಡೆ ಬಂದು ಕೂತಳು. "ಇದನ್ನ ಎರಡು ವರ್ಷದ ಹಿಂದೆ ಹೇಳಿದ್ರೆ ನಾನು ಜಗಳವೇ ಆಡ್ತಿರಲಿಲ್ಲ ಅಪ್ಪ."

"ಹೇಳಾಕೆ ನಾಚ್ಕೆ ಕಣಮ್ಮ. ಹೊಗಳೋದು ಸಲೀಸು."

"ಗೊತ್ತಾದ್ರೆ ಗೊತ್ತಾಗ್ಲಿ. ಪರೀಕ್ಷೆ ಮುಗಿದ ಮೊದಲನೇ ಸೋಮವಾರ ಬರ್ತೀನಿ. ಬರಲಾ?"

ಅವರು ತಮ್ಮ ಎಲೆಯಲ್ಲಿದ್ದ ಕಡಲೆಕಾಯಿ ಬೀಜಗಳನ್ನೆಲ್ಲ ಆರಿಸಿ ಅವಳ ಎಲೆಗೆ ಹಾಕಿದರು. ಹಳೇಬೀಡಿನ ಹುಡುಗಿ ನನ್ನ ಕಿವಿಯಲ್ಲಿ, "ಇದನ್ನ ಹೂಂ ಅಂತ ಬರ್ಕೊಳ್ಳೋದಾ ಮೇಡಂ?" ಎಂದಳು. ಬರೆದುಕೊಂಡೆವು.

ಆ ಸೋಮವಾರ ನಾನು ಮಂಡಿಗೆ ಹೋದಾಗ ಎಂಟೂಕಾಲು. ಅವಳು ಅಪ್ಪನ ಪಕ್ಕ ಮಣೆಯ ಮೇಲೆ ಕೂತಿದ್ದಳು. ಕೂದಲಿನ ಮೇಲೆಲ್ಲ ಧೂಳು. ಚಿಕ್ಕಪ್ಪನ ಮಗ ಚೀಲಗಳನ್ನು ತೂಕಕ್ಕೆ ಇಡಿಸುತ್ತಿದ್ದ. ಸಂತೋಷವಾಗಿಯೇ ಇದ್ದ. ಮಾಲು ನೋಡುವ ಕೆಲಸ ತಪ್ಪಿದ್ದೇ ಪುಣ್ಯ ಎಂದು ನನ್ನ ಹತ್ತಿರ ಹೇಳಿದ.

ವಯಸ್ಸಾದ ರೈತರೊಬ್ಬರು ಆರು ಚೀಲ ಇಳಿಸಿದರು. ಅವಳು ಎದ್ದು ಬಂದದ್ದನ್ನು ನೋಡಿ ಯಜಮಾನರ ಕಡೆ ತಿರುಗಿದರು. ಯಜಮಾನರು ಟೀ ಲೋಟ ಹಿಡಿದು ರಸ್ತೆಯಲ್ಲಿ ಹೋಗುವ ಆಟೊಗಳನ್ನು ನೋಡತೊಡಗಿದರು. ರೈತರು ಸ್ವಲ್ಪ ಹೊತ್ತು ಕಾದು, ಬೇರೆ ದಾರಿಯಿಲ್ಲದೆ ಚೀಲದ ಬಾಯಿ ಬಿಚ್ಚಿದರು.

ಅವಳು ಎರಡೆರಡೇ ಉಂಡೆ ತೆಗೆದು ತಟ್ಟುತ್ತ ಹೋದಳು. ಮೂರನೆಯ ಚೀಲದಲ್ಲಿ ಒಂದನ್ನು ಪಕ್ಕಕ್ಕಿಟ್ಟಳು.

"ಯಾಕಮ್ಮ? ಅದು ಚೆನ್ನಾಗೈತಲ್ಲ!"

"ಒಳಗೆ ಇಲ್ಲ ತಾತ."

"ನೋಡ್ದಂಗೆ ಹೇಳ್ತೀಯಲ್ಲಮ್ಮ. ಒಡಿ, ನೋಡಾನ."

ಅವಳು ಒಡೆದಳು. ಒಳಗೆ ಕಪ್ಪಗೆ ಬೂಷ್ಟು ಹಿಡಿದಿತ್ತು. ರೈತರು ಬಗ್ಗಿ ನೋಡಿದರು, ಮೂಸಿ ನೋಡಿದರು, ಆಮೇಲೆ ಇಡೀ ಮಂಡಿಗೆ ಕೇಳುವ ಹಾಗೆ ಕೂಗಿದರು: "ಯಜಮಾನ್ರೇ, ನೀವು ನೋಡಿದ್ರೆ ಇದು ಸಲೀಸಾಗಿ ಒಳಗೋಗ್ತಿತ್ತು ಕಣ್ರೀ!"

ಚೀಲ ಹೊರುತ್ತಿದ್ದವರು ನಿಂತುಬಿಟ್ಟರು. ಪಕ್ಕದ ಮಂಡಿಯವರು ಬಾಗಿಲಿಗೆ ಬಂದರು. ಯಜಮಾನರು ಎರಡು ವರ್ಷದಿಂದ ಯಾವ ಮಾತಿಗೆ ಹೆದರಿದ್ದರೋ ಅದೇ ಮಾತು ಹಾಡಹಗಲಿನಲ್ಲಿ, ನಾಲ್ಕು ಜನರ ಮುಂದೆ ಬಂದಿತ್ತು. ಮಗಳು ಒಡೆದ ಕೊಬ್ಬರಿ ಕೈಯಲ್ಲಿ ಹಿಡಿದು ಅಪ್ಪನನ್ನೇ ನೋಡುತ್ತಿದ್ದಳು.

ಯಜಮಾನರು ಲೋಟ ಕೆಳಗಿಟ್ಟು ನಿಧಾನವಾಗಿ ತಿರುಗಿದರು.

"ಹೋಗ್ತಿತ್ತು ಕಣಯ್ಯ!" ಎಂದು ರೈತರಿಗಿಂತ ಜೋರಾಗಿ ಕೂಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದಕ್ಕೇ ಅಲ್ವಾ ಅವಳನ್ನ ಕೂರಿಸಿರೋದು? ಮುಂದಿನ ಚೀಲ ಬಿಚ್ಚು."